ಅವನ ಹಿಂದೆ ಬರುತ್ತಿದ್ದ ಕುರ್ಚಿ

ನನ್ನ ಮೊಮ್ಮಗಳು ಸಮುದ್ರ ನೋಡಿಕೊಂಡು ಮನೆಗೆ ಬಂದಳು. ಒಬ್ಬಳೇ ಹೋಗಿ ಒಬ್ಬಳೇ ಬಂದಳು, ಮೋಟಾರ್ ಸೈಕಲ್ಲಿನ ಹಿಂದೆ ಟ್ರಾಲಿ ಕಟ್ಟಿಕೊಂಡು. ಶೀಗಿ ಹುಣ್ಣಿಮೆ ಮುಗಿಸಿ ಹೋದವಳು, ದೀಪಾವಳಿ ಇನ್ನೂ ಮುಂದಿರುವಾಗಲೇ ನಿನ್ನೆ ಸಂಜೆ ಸಿಂಧನೂರು ಮುಟ್ಟಿದಳು. ಇಷ್ಟನ್ನು ಮೊದಲು ಬರೆದುಬಿಟ್ಟೆ. ಓಣಿಯವರಿಗೆಲ್ಲ ಹೇಳಿ ಮುಗಿದಿದೆ. ಹಾಲಿನವನಿಗೆ ಬೆಳಿಗ್ಗೆ ಎರಡನೇ ಸಲ ಹೇಳಲು ಹೋದರೆ, "ಹೇಳೀಯಲ್ಲಬೇ ಯವ್ವಾ, ಪಾತೇಲಿ ಹಿಡಿ" ಅಂದ. ಇನ್ನು ಹೇಳುವುದಕ್ಕೆ ಉಳಿದದ್ದು ಕಾಗದ ಒಂದೇ. ನಾನು ವಳಕಮದಿನ್ನಿ ಶಾಲೆಯಲ್ಲಿ ನಾಲ್ಕನೇ ಇಯತ್ತೆ ತನಕ ಓದಿದವಳು. ಅಕ್ಷರ ಸೊಟ್ಟ ಬಂದಾವು, ಸಂತೋಷ ಮಾತ್ರ ನೆಟ್ಟಗಿದೆ.

ಮೊಮ್ಮಗಳ ಹೆಸರು ಗಂಗಾ, ಮನೆಯಲ್ಲಿ ಗಂಗಿ. ಹುಟ್ಟಿದಾಗಿನಿಂದ ಅವಳ ಕಾಲಿನಲ್ಲಿ ಬಲವಿಲ್ಲ. ನಿಲ್ಲಲಾರಳು, ನಡೆಯಲಾರಳು, ಗಾಲಿ ಕುರ್ಚಿಯಲ್ಲಿ ಓಡಾಡುತ್ತಾಳೆ. ಅಂಥವಳು ಗಾಡಿ ಹತ್ತಿ ಕಾರವಾರದ ತನಕ ಹೋದಳು ಅಂದರೆ ಕುರ್ಚಿ ಎಲ್ಲಿತ್ತು ಎಂದು ಯಾರಾದರೂ ಕೇಳುವವರೇ. ಕುರ್ಚಿ ಹಿಂದಿನ ಟ್ರಾಲಿಯಲ್ಲಿತ್ತು. ಆ ಟ್ರಾಲಿ ಒಬ್ಬನದು, ಆ ಗಾಡಿಯೂ ಅವನದೇ. ಅವನು ತೀರಿಕೊಂಡು ಎರಡು ಮಳೆಗಾಲ ಆಯಿತು. ನಿನ್ನೆಯಿಂದ ನನ್ನ ತಲೆಯ ತುಂಬ ಗಂಗಿ ಇದ್ದಾಳೆ, ಗಂಗಿಯ ಹಿಂದೆ ಅವನಿದ್ದಾನೆ. ಹಾಗಾಗಿ ಇವತ್ತು ಕೂತು ಅವನನ್ನೇ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆದರೆ ಅವನಿಗೆ ಸೇರುತ್ತಿರಲಿಲ್ಲ. "ಹೆಸರು ಸರಕಾರದವರಿಗೆ ಬೇಕು. ನೀ ತಮ್ಮ ಅನ್ನು ಸಾಕು" ಅನ್ನುತ್ತಿದ್ದ. ನಾನು ತಮ್ಮ ಅಂದೆ, ಅವನು ನನಗೆ ಯಕ್ಕಾ ಅಂದ. ಹಾಗೆಯೇ ನಡೆಯಿತು.

ಅವನನ್ನು ನಾನು ಮೊದಲು ನೋಡಿದ್ದು ತುರ್ವಿಹಾಳದ ಕಾಲುವೆ ರಸ್ತೆಯಲ್ಲಿ. ಆಗ ನಾವು ಹೆಂಗಸರು ನಾಟಿ ಕೆಲಸಕ್ಕೆ ಹೋಗುತ್ತಿದ್ದೆವು. ಮಧ್ಯಾಹ್ನದ ಬುತ್ತಿ ಉಂಡು ಬದುವಿನ ಮೇಲೆ ಕೂತಿದ್ದೆವು. ನೀರು ನಿಲ್ಲಿಸಿದ ಗದ್ದೆಯಲ್ಲಿ ಆಕಾಶ ತಲೆಕೆಳಗಾಗಿ ಬಿದ್ದಿತ್ತು, ಬೆಳ್ಳಕ್ಕಿಗಳು ಮೋಡದ ಮೇಲೆ ಹೆಜ್ಜೆ ಇಡುತ್ತಿದ್ದವು. ಡಬ ಡಬ ಡಬ ಎಂದು ದೂರದಿಂದ ಸದ್ದು ಬಂತು. ನೀರಿನೊಳಗಿನ ಆಕಾಶದಲ್ಲಿ ಒಂದು ದೊಡ್ಡ ಮೋಟಾರ್ ಸೈಕಲ್ಲು ಹೊರಟಿತ್ತು. ಅದರ ಹಿಂದೆ ಎರಡು ಗಾಲಿಯ ಸಣ್ಣ ಟ್ರಾಲಿ. ಟ್ರಾಲಿಯ ಮೇಲೆ ಹಗ್ಗ ಬಿಗಿದು ಕಟ್ಟಿದ ಒಂದು ಕುರ್ಚಿ, ಖಾಲಿ ಕುರ್ಚಿ. ನಾನು ತಲೆ ಎತ್ತಿ ರಸ್ತೆ ನೋಡುವುದನ್ನು ಮರೆತು ನೀರಿನೊಳಗೇ ನೋಡುತ್ತಾ ಕೂತುಬಿಟ್ಟೆ.

ನಮ್ಮ ಗುಂಪಿನಲ್ಲಿದ್ದ ಒಬ್ಬಳು ಕೂಗಿ ಕೇಳಿದಳು: "ಯಾವ ದೇವರನ್ನ ಕುಂದ್ರಿಸಿಕೊಂಡು ಹೊಂಟೀರಿ? ಕುರ್ಚಿ ಕಾಣಾಕತ್ತೈತಿ, ದೇವರು ಕಾಣವಲ್ಲ."

ಅವನು ಗಾಡಿ ನಿಲ್ಲಿಸಿದ. "ದೇವರಲ್ಲ ತಾಯೀ, ನನ್ನ ಕಾಲು. ಹಿಂದ ಬರಾಕತ್ತಾವ" ಅಂದ.

ಆಮೇಲೆ ನೋಡಿದೆವು. ಸಣ್ಣವನಿದ್ದಾಗ ಜ್ವರ ಬಂದು ಎರಡೂ ಕಾಲು ಹೋಗಿದ್ದವು, ಕಡ್ಡಿಯಂತೆ ಇದ್ದವು. ಗಾಡಿ ನಿಂತಾಗ ವಾಲದ ಹಾಗೆ ಎಡಕ್ಕೊಂದು ಬಲಕ್ಕೊಂದು ಸಣ್ಣ ಗಾಲಿ ಕೂಡಿಸಿದ್ದ. ಗೇರು, ಬ್ರೇಕು ಎಲ್ಲ ಕೈಗೆ ಸಿಗುವಂತೆ ಸಲಾಕೆ ಬೆಸುಗೆ ಹಾಕಿಸಿಕೊಂಡಿದ್ದ. ಸಿಂಧನೂರು ಬಸ್ ಸ್ಟ್ಯಾಂಡಿನ ಹತ್ತಿರ ಅವನದು ಮೊಬೈಲ್ ರಿಪೇರಿ ಅಂಗಡಿ. ಮದುವೆ ಆಗಿರಲಿಲ್ಲ, ಅಕ್ಕನ ಜೊತೆ ಇರುತ್ತಿದ್ದ. ಮುಂದೆ ನನ್ನ ಮಗ ಅಮರೇಶನಿಗೆ ಅಕ್ಕಿ ಮಿಲ್ಲಿನಲ್ಲಿ ಕೆಲಸ ಸಿಕ್ಕು ನಾವು ಸಿಂಧನೂರಿಗೆ ಬಂದಾಗ ನಮ್ಮ ಹಿಂದಿನ ಓಣಿಯಲ್ಲೇ ಅವನ ಮನೆ. ವರ್ಷಕ್ಕೆ ಒಂದೆರಡು ಸಲ ಅಂಗಡಿಗೆ ಬೀಗ ಬೀಳುತ್ತಿತ್ತು. ಆಗ ಅವನು ಒಂದು ಸಲ ಕಛ್‌ನ ಉಪ್ಪಿನ ಬಯಲಿಗೆ, ಒಂದು ಸಲ ಕನ್ಯಾಕುಮಾರಿಗೆ, ಒಂದು ಸಲ ಪುರಿಯ ಕಡೆಗೆ ಹೋಗಿರುತ್ತಿದ್ದ.

ಮೀಸೆಯ ಮೇಲೆ ಅವನಿಗೆ ಬಹಳ ಪ್ರೀತಿ. ತಲೆ ನೆರೆತರೂ ಮೀಸೆ ಮಾತ್ರ ಕಾಡಿಗೆಯಂತೆ ಕಪ್ಪು. ಗಂಗಿ ಸಣ್ಣವಳಿದ್ದಾಗ ಅವನನ್ನು "ಮುತ್ಯಾ" ಅಂದಳು. ಅವನಿಗೆ ಮುಖ ಇಳಿಯಿತು. "ಲೇ ಕೂಸೇ, ಮೀಸಿ ನೋಡಿ ಮಾತಾಡು. ಇಂಥಾ ಮೀಸಿ ಇದ್ದವರಿಗೆ ಮಾಮಾ ಅಂತಾರ." ಅವತ್ತಿನಿಂದ ಅವನು ಮೀಸೆ ಮಾಮಾ.

ಕಾಲಿಲ್ಲದವನು ಯಾರ ಹಂಗೂ ಇಲ್ಲದೆ ದೇಶ ತಿರುಗಿದ ಅಂತ ಮಂದಿ ಈಗ ಹೇಳುತ್ತಾರೆ. ಅದು ಸುಳ್ಳು. ಹೋದಲ್ಲೆಲ್ಲ ಕುರ್ಚಿ ಇಳಿಸಲು ಯಾರಾದರೂ ಬೇಕಿತ್ತು. ದಾರಿಯಲ್ಲಿ ಹೋಗುವವರನ್ನು ತನ್ನ ಮನೆಯ ಆಳು ಕರೆದಂತೆ ಕರೆಯುತ್ತಿದ್ದ: "ಯಣ್ಣಾ, ಬಾ ಇಲ್ಲಿ, ಹಗ್ಗ ಬಿಚ್ಚು. ಆ ಕಡೆ ಅಲ್ಲೋ ಮಾರಾಯಾ, ಈ ಕಡೆ." ನಾನೊಮ್ಮೆ ಕೇಳಿದೆ, ದಿನಾ ಗುರುತಿಲ್ಲದವರ ಕೈ ಹಿಡಿಯಲು ನಿನಗೆ ನಾಚಿಕೆ ಅನಿಸುವುದಿಲ್ಲವೇ ಎಂದು. ಅವನು ನಕ್ಕ. "ಉಣ್ಣಾಕ ಕುಂತಾಗ ಬಡಸೂ ಕೈ ಬ್ಯಾರೇದಾರದ ಇರತೈತಿ ಯಕ್ಕಾ. ಅದಕ್ಯಾರರ ನಾಚಗೋತಾರೇನು?"

ಮಾತಿನಲ್ಲಿ ಅವನನ್ನು ಗೆದ್ದವರಿಲ್ಲ. ಲಿಂಗಸುಗೂರಿನ ಹತ್ತಿರ ಒಬ್ಬ ಪೊಲೀಸ್ ತಡೆದು, "ಏನಿದು? ಬೈಕೋ, ಬಂಡಿಯೋ, ರೈಲೋ?" ಅಂದನಂತೆ. ಟ್ರಾಲಿ ಯಾಕೆ ಬೇಕು, ಆ ಕುರ್ಚಿ ಊರಲ್ಲೇ ಬಿಟ್ಟು ಬಂದರೆ ಆಗುವುದಿಲ್ಲವೇ ಎಂದು ಕೇಳಿದನಂತೆ. ಇವನು, "ಸಾಹೇಬ್ರ, ನಮ್ಮ ರಾಜ್ಯದಾಗ ಕುರ್ಚಿ ತಾವಾಗಿ ಬಿಟ್ಟು ಹೋದವರು ಒಬ್ಬರನ್ನ ತೋರಸ್ರಿ, ನಾನೂ ಬಿಡ್ತೀನಿ" ಅಂದ. ಪೊಲೀಸ್ ನಕ್ಕು ಚಹಾ ಕುಡಿಸಿ ಕಳಿಸಿದನಂತೆ. ಚಹಾದ ಮಾತು ನಾನು ನಂಬುವುದಿಲ್ಲ. ಅಷ್ಟು ಉಪ್ಪು ಖಾರ ಅವನು ಹಾಕುತ್ತಿದ್ದ.

ಆ ಗಾಡಿಗೆ ಹಿಂದಕ್ಕೆ ಬರುವುದು ಆಗುತ್ತಿರಲಿಲ್ಲ. ಕಾಲಿದ್ದವರು ಬೈಕನ್ನು ಕಾಲಿನಿಂದ ನೂಕಿ ಹಿಂದೆ ಸರಿಸುತ್ತಾರೆ. ಇವನಿಗೆ ಕಾಲಿಲ್ಲ, ಮೇಲೆ ಹಿಂದೆ ಟ್ರಾಲಿ. ಅದಕ್ಕೇ ಎಲ್ಲಿಗೆ ಹೋದರೂ ಮೊದಲು ತಿರುಗುವ ಜಾಗ ನೋಡಿಕೊಳ್ಳುತ್ತಿದ್ದ. ತಿರುಗಲು ಜಾಗವಿಲ್ಲದ ಓಣಿಯೊಳಗೆ ಅವನು ಬರುತ್ತಲೇ ಇರಲಿಲ್ಲ. ಓಣಿಯ ಬಾಯಲ್ಲಿ ನಿಂತು ಹಾರ್ನ್ ಹೊಡೆಯುತ್ತಿದ್ದ. ಬೇಕಾದವರು ಅವನ ಹತ್ತಿರ ಹೋಗಬೇಕು. ಗುರುಗುಂಟಾದಲ್ಲಿ ನಮ್ಮ ಬೀಗರ ಮನೆಯ ಮದುವೆಗೆ ಬಂದಾಗಲೂ ಹಾಗೆಯೇ ಮಾಡಿದ. ಪೆಂಡಾಲು ಒಳಗಿನ ಓಣಿಯಲ್ಲಿ, ಇವನು ದೊಡ್ಡ ರಸ್ತೆಯಲ್ಲಿ. ಯಾರೋ ತಾಟು ತಂದು ಕೊಟ್ಟರು. ಇವನ ಮಾತು ಕೇಳುತ್ತಾ ಹತ್ತು ಮಂದಿ ತಾವೂ ತಾಟು ತಂದುಕೊಂಡು ಅಲ್ಲೇ ನಿಂತರು. ಸ್ವಲ್ಪ ಹೊತ್ತಿಗೆ ಅರ್ಧ ಮದುವೆ ರಸ್ತೆಗೆ ಬಂತು. ಕೊನೆಗೆ ಮದುಮಗನೂ ಬಾಸಿಂಗ ಕಟ್ಟಿಕೊಂಡು ಬಂದು, "ಮಾಮಾ, ಅಕ್ಷತಿಯರ ಹಾಕು, ಇಲ್ಲೇ ತಲಿ ಬಗ್ಗಸ್ತೀನಿ" ಅಂದ.

ಇನ್ನು ಬುತ್ತಿಯ ಕಥೆ. ನಮ್ಮ ಕಡೆ ಯಾರಾದರೂ ದೂರ ಹೊರಟರೆ ಬುತ್ತಿ ಕೊಡದೆ ಕಳಿಸುವುದಿಲ್ಲ. ಒಂದು ಮನೆಯವರು ಖಡಕ್ ರೊಟ್ಟಿ, ಒಂದು ಮನೆಯವರು ಶೇಂಗಾ ಚಟ್ನಿ, ಇನ್ನೊಬ್ಬರು ಎಳ್ಳು ಹೋಳಿಗೆ, ಮತ್ತೊಬ್ಬರು ಉಪ್ಪಿನಕಾಯಿ ಭರಣಿ. ಬೇಡ ಅನ್ನುವಂತಿಲ್ಲ, ಬೇಡ ಅಂದರೆ ಆ ಮನೆಯ ಬಾಗಿಲು ಮುಚ್ಚಿದಂತೆ. ಅವನು ಗಾಡಿಯ ಮೇಲೆ ಕೂತು ಹೊರಟು ನಿಂತಿರುತ್ತಿದ್ದ. ನಾವೆಲ್ಲ ಕೊನೆಗೆ ಓಡಿ ಬಂದು ಗಂಟುಗಳನ್ನು ಟ್ರಾಲಿಗೆ ತುರುಕುತ್ತಿದ್ದೆವು. ಟ್ರಾಲಿಯ ಬಾಗಿಲು ಇದ್ದದ್ದು ಬಾಲದ ಕಡೆ. ಹೀಗಾಗಿ ಊರಿನ ಪ್ರೀತಿಯೆಲ್ಲ ಬಾಲಕ್ಕೇ ಬೀಳುತ್ತಿತ್ತು. ಎತ್ತಿನ ಬಂಡಿ ಹೊಡೆದವರಿಗೆ ಇದು ಗೊತ್ತು. ಹಿಂಭಾರ ಆದರೆ ನೊಗ ಮೇಲೇಳುತ್ತದೆ, ಎತ್ತಿನ ಕುತ್ತಿಗೆ ಬಿಗಿಯುತ್ತದೆ. ಗಾಡಿಯ ಹಿಂದಿನ ಟ್ರಾಲಿಯೂ ಹಾಗೆಯೇ. ಭಾರ ಹಿಂದಾದರೆ ಅದು ಹಾವಿನ ಬಾಲದಂತೆ ಆಡುತ್ತದೆ, ಗಾಡಿಯನ್ನೇ ಅಲ್ಲಾಡಿಸುತ್ತದೆ. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಒಂದು ಕಾಲಕ್ಕೆ ಬಂಡಿ ಇತ್ತು. ಎಲ್ಲರಿಗೂ ಗೊತ್ತು. ಆದರೂ ಪ್ರತಿ ಸಲ ಅಲ್ಲಿಯೇ ತುರುಕಿದೆವು.

ಅವನು ಅದನ್ನು ಹಾಗೆಯೇ ಹೊತ್ತು ಹೊರಡುತ್ತಿದ್ದ. ಎತ್ತು ನಡೆದಂತೆ ಮೆಲ್ಲಗೆ ಮಸ್ಕಿಯ ತನಕ ಹೋಗಿ, ಗುಡ್ಡದ ಕೆಳಗಿನ ಚಹಾದಂಗಡಿಯ ಮುಂದೆ ನಿಲ್ಲುತ್ತಿದ್ದ. ಅಲ್ಲಿದ್ದವರನ್ನು ಕರೆದು ಸಾಮಾನೆಲ್ಲ ಇಳಿಸಿ, ಭಾರದ್ದನ್ನು ಮುಂದಿನ ಮೂಲೆಗೆ ಇಡಿಸಿ, ಉಳಿದ ಬುತ್ತಿಯನ್ನು ಅವರಿಗೇ ಹಂಚಿಬಿಡುತ್ತಿದ್ದ. ಮಸ್ಕಿಯ ಮಂದಿ ನಮ್ಮ ಓಣಿಯ ಹೋಳಿಗೆಯ ರುಚಿ ಬಲ್ಲವರಾದರು. ಒಂದೇ ಒಂದು ಸಲ, ಮಳೆ ಬಂತೆಂದು ಮಸ್ಕಿಯಲ್ಲಿ ನಿಲ್ಲದೆ ಮುಂದೆ ಹೋದ. ಇಳಿಜಾರಿನಲ್ಲಿ ಟ್ರಾಲಿ ಆಡಿ ಆಡಿ ಗಾಡಿಯನ್ನು ಎಳೆದುಕೊಂಡು ಹೊಲಕ್ಕೆ ಇಳಿಯಿತು. ಎರೆ ಹೊಲ, ಕೆಸರು. ಅವನಿಗೆ ಏನೂ ಪೆಟ್ಟಾಗಲಿಲ್ಲ. ಟ್ರ್ಯಾಕ್ಟರ್ ಬರುವ ತನಕ ಕೆಸರಿನಲ್ಲಿ ಕೂತು, ಒಡೆದ ಡಬ್ಬಿಯಿಂದ ಶೇಂಗಾ ಉಂಡಿ ತಿನ್ನುತ್ತಿದ್ದನಂತೆ. ತಿರುಗಿ ಬಂದವನು ನನ್ನ ಮುಂದೆ ಹೇಳಿದ್ದು ಒಂದೇ ಮಾತು: "ಯಕ್ಕಾ, ನಿನ್ನ ಉಂಡಿಗೆ ಬೆಲ್ಲ ಜರಾ ಕಡಿಮಿ ಆಗಿತ್ತು."

ಅಂಗಡಿಯಲ್ಲಿ ಕೂತಾಗಲೂ ಅವನು ಆಗಾಗ ಎಡ ಹೆಗಲಿನ ಮೇಲಿಂದ ಹಿಂದೆ ತಿರುಗಿ ನೋಡುತ್ತಿದ್ದ. ಹಿಂದೆ ಗೋಡೆ ಇತ್ತು, ಗೋಡೆಗೆ ಕ್ಯಾಲೆಂಡರ್ ಇತ್ತು. ಟ್ರಾಲಿ ಬರುತ್ತಿದೆಯೋ ಇಲ್ಲವೋ ಎಂದು ನೋಡಿ ನೋಡಿ ಕುತ್ತಿಗೆಗೆ ಬಿದ್ದ ರೂಢಿ ಅದು. ಮೊಬೈಲ್ ಬಿಚ್ಚಿ ಸಣ್ಣ ಸ್ಕ್ರೂಗಳನ್ನು ಬಟ್ಟಲಿಗೆ ಹಾಕುತ್ತಾ, ಹೋಗಿ ಬಂದ ರಸ್ತೆಗಳ ಮಾತು ತೆಗೆಯುತ್ತಿದ್ದ. ಗುಡಿ, ಊಟ, ಹೋಟೆಲು ಇವು ಅವನ ಮಾತಿನಲ್ಲಿ ಕಡಿಮೆ. ಡಾಂಬರಿನ ಮೇಲೆ ಟ್ರಾಲಿ ಝುಮ್ ಅನ್ನುತ್ತದೆ, ಸೇತುವೆಯ ಮೇಲೆ ಡಗ ಡಗ, ಮರಳಿನಲ್ಲಿ ಉಸಿರೇ ಇಲ್ಲ ಅನ್ನುತ್ತಿದ್ದ. ಉಪ್ಪಿನ ಬಯಲಿನಲ್ಲಿ ಒಂದು ಮಧ್ಯಾಹ್ನ ಗಾಡಿ ನಿಲ್ಲಿಸಿ ಕೂತಾಗ ಭೂಮಿ ಯಾವುದು, ಬಿಸಿಲು ಯಾವುದು ತಿಳಿಯಲಿಲ್ಲವಂತೆ. "ಹಾಲು ಚೆಲ್ಲಿದಂಗಿತ್ತು ಯಕ್ಕಾ. ನಾ ಎಲ್ಲಿ ಮುಗದೀನಿ, ಅದು ಎಲ್ಲಿ ಚಾಲೂ ಆಗೈತಿ, ಒಂದೂ ಗೊತ್ತಾಗಲಿಲ್ಲ." ಹೊರಗೆ ಬಸ್ಸುಗಳು ಕೂಗುತ್ತಿದ್ದವು, ಒಳಗೆ ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಗುರುಗುಂಟಾ ದಾಟಿ ಆಚೆ ಹೋಗದ ನಾನು ಅಂಗಡಿಯ ಮರದ ಬಾಕಿನ ಮೇಲೆ ಕೂತು ತೂಕಡಿಸುತ್ತಾ ಎಲ್ಲೆಲ್ಲಿಗೋ ಹೋಗಿ ಬರುತ್ತಿದ್ದೆ. ಎಷ್ಟೋ ಸಲ ಕಣ್ಣು ತೆರೆದಾಗ ನನ್ನ ಸೆರಗಿನಲ್ಲಿ ಉಪ್ಪು ಇದೆಯೇನೋ ಎಂದು ಕೊಡವಿದ್ದೇನೆ.

ನನ್ನ ಮಗ ಅಮರೇಶನಿಗೂ ಅವನಿಗೂ ಮಾತ್ರ ಸರಿ ಬರಲಿಲ್ಲ. ಕಾರಣ ಗಂಗಿ.

ಅಮರೇಶ ಮಗಳನ್ನು ನೆಲಕ್ಕೆ ಬಿಟ್ಟವನಲ್ಲ. ಶಾಲೆಗೆ, ಆಸ್ಪತ್ರೆಗೆ, ಹೈಸ್ಕೂಲಿಗೆ, ಕಾಲೇಜಿಗೆ ಎಲ್ಲ ಕಡೆ ಅವನೇ ಎತ್ತಿಕೊಂಡು ಹೋದ. ಬೆನ್ನಿಗೆ ಶಾಲಿನಿಂದ ಕಟ್ಟಿಕೊಂಡು ಬೈಕಿನ ಮೇಲೆ ಕರೆದುಕೊಂಡು ಹೋಗುತ್ತಿದ್ದ. ಮಿಲ್ಲಿನಲ್ಲಿ ಚೀಲ ಹೊರುವವರು, "ನಮ್ಮ ಬೆನ್ನ ಮ್ಯಾಲ ಅಕ್ಕಿ, ನಿನ್ನ ಬೆನ್ನ ಮ್ಯಾಲ ಗಂಗಿ" ಎಂದು ನಗಿಸುತ್ತಿದ್ದರು. ಅವಳು ದೊಡ್ಡವಳಾದಳು. ಬೆನ್ನಿಗೆ ಕಟ್ಟಿಸಿಕೊಂಡಾಗ ಮುಖ ಅತ್ತ ತಿರುಗಿಸಲು ಶುರು ಮಾಡಿದಳು. ಅದನ್ನು ನಾನು ಕಂಡೆ, ನನ್ನ ಸೊಸೆ ಕಂಡಳು, ಅಮರೇಶ ಕಾಣಲಿಲ್ಲ. ಅವನ ಬೆನ್ನಿಗೆ ಕಣ್ಣಿರಲಿಲ್ಲ.

ಒಂದು ದಿನ ಅಂಗಡಿಯ ಮುಂದೆ ಹಾಯುವಾಗ ಮೀಸೆ ಮಾಮಾ ಅವನನ್ನು ತಡೆದ. "ಅಮರೇಶಾ, ಎಷ್ಟು ದಿನ ಹಿಂಗ ಹೊತ್ತುಕೊಂಡು ತಿರಗ್ತೀಲೇ?"

"ನನ್ನ ಮಗಳು ನನಗ ಭಾರ ಅಲ್ರೀ."

"ಅದು ನನಗೂ ಗೊತ್ತೈತಿ. ಆಕೀಗೆ ನೀ ಭಾರ ಆಗೀಯೇನು ಅಂತ ಒಂದಿನರ ಕೇಳೀಯೇನು?"

ಅಮರೇಶ ಗಾಡಿ ಎಬ್ಬಿಸಿಕೊಂಡು ಹೋದ. ಮನೆಗೆ ಬಂದು ನನ್ನ ಮೇಲೆ ಹಾರಾಡಿದ. "ಅಂವಾ ಬೇಕಾರ ತಾ ತಿರುಗಿ ಸಾಯಲಿ. ನನ್ನ ಮಗಳ ತಲಿ ಕೆಡಸೂದು ಬ್ಯಾಡ ಅಂತ ಹೇಳಬೇ ಅವಗ." ನಾನು ಹೇಳಲಿಲ್ಲ. ಯಾರ ಮಾತು ಖರೆ ಎಂದು ನನಗೂ ಆಗ ತಿಳಿದಿರಲಿಲ್ಲ. ಎತ್ತಿಕೊಂಡ ತಂದೆಯ ಕೈ ಸುಳ್ಳಲ್ಲ, ಅತ್ತ ತಿರುಗಿದ ಹುಡುಗಿಯ ಮುಖವೂ ಸುಳ್ಳಲ್ಲ.

ಗಂಗಿಗೆ ಕಂಪ್ಯೂಟರ್ ಕೆಲಸ ಸಿಕ್ಕಿತು. ಆಫೀಸು ಮೀಸೆ ಮಾಮಾನ ಅಂಗಡಿಯ ಎದುರಿಗೇ. ಅಪ್ಪ ಬಂದು ಕರೆದೊಯ್ಯುವ ತನಕ ಸಂಜೆ ಅಂಗಡಿಯಲ್ಲಿ ಕೂಡುತ್ತಿದ್ದಳು. ಗಾಡಿ ನಡೆಸುವುದನ್ನು ಮಾಮಾ ಆಗಲೇ ಕಲಿಸಿದ್ದು. ಭಾನುವಾರ ಕಾಲುವೆ ರಸ್ತೆಯಲ್ಲಿ ಅವಳು ಗಾಡಿಯ ಮೇಲೆ, ಅವನು ಬದಿಯಲ್ಲಿ ಕುರ್ಚಿಯ ಮೇಲೆ ಕೂತು ಬೈಯುತ್ತಾ. ನಾನು ಜೊತೆಗೆ ಹೋಗುತ್ತಿದ್ದೆ, ಅಮರೇಶನಿಗೆ ಸಂತೆಗೆ ಎಂದು ಹೇಳಿ. "ಕೊಂಡಿ ಎತ್ತಿ ನೋಡು ಮೊದಲ. ಹಗುರ ಬಂತಂದ್ರ ಹಿಂಭಾರ ಆಗೈತಿ. ಜರಾ ತೂಕ ಹತ್ತಬೇಕು ಕೈಗೆ. ತಿರುಗೂ ಮುಂದ ಅಗಲ ತಿರುಗಬೇಕು, ನಿನ್ನ ಹಿಂದ ಇನ್ನೊಬ್ಬಾಕಿ ಬರಾಕತ್ತಾಳ ಅಂತ ತಿಳಕೋ." ಅವಳು ಮೊದಲ ಸಲ ಟ್ರಾಲಿ ಕಟ್ಟಿಕೊಂಡು ತುರ್ವಿಹಾಳದ ತನಕ ಹೋಗಿ ತಿರುಗಿ ಬಂದಾಗ ಅವನು ಶಭಾಷ್ ಅನ್ನಲಿಲ್ಲ. "ಎಲ್ಲೆರ ತಿರುಗೂ ಜಾಗ ಸಿಕ್ಕಿತ್ತಲ್ಲ?" ಎಂದಷ್ಟೇ ಕೇಳಿದ. ಆದರೆ ಕನ್ನಡಕ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿದ.

ಅವನು ಹೋದದ್ದು ಮಧ್ಯಾಹ್ನದ ನಿದ್ದೆಯಲ್ಲಿ, ಅಂಗಡಿಯಲ್ಲೇ. ಮಣ್ಣು ಮುಗಿದ ಮೇಲೆ ಒಂದು ದಿನ ಅವನ ಅಕ್ಕ ನಮ್ಮ ಓಣಿಯ ಬಾಯಿಗೆ ಗಾಡಿ, ಟ್ರಾಲಿ ಎರಡನ್ನೂ ನೂಕಿಸಿಕೊಂಡು ಬಂದಳು. "ಗಂಗಿಗೆ ಕೊಡು ಅಂದಿದ್ದ. ನಾ ಇಟಗೊಂಡು ಏನು ಮಾಡ್ಲಿ? ಗುಜರಿಯವನು ದಿನಾ ಬಂದು ನೋಡಾಕತ್ತಾನ" ಅಂದಳು. ಅಮರೇಶ ಬೇಡ ಅನ್ನಲಾಗದೆ ತಾಡಪತ್ರಿ ಹೊದಿಸಿ ನಿಲ್ಲಿಸಿದ. ತಾಡಪತ್ರಿಯ ಮೇಲೆ ಎರಡು ಮಳೆಗಾಲದ ಬೇವಿನೆಲೆ ಬಿತ್ತು. ಗಂಗಿ ಕಿಟಕಿಯಿಂದ ನೋಡುತ್ತಿದ್ದಳು.

ಈ ವರ್ಷ ಶೀಗಿ ಹುಣ್ಣಿಮೆಗೆ ಹೊಲಕ್ಕೆ ಎಡೆಯ ಚರಗ ಚೆಲ್ಲಿ ಬಂದ ರಾತ್ರಿ ಊಟಕ್ಕೆ ಕೂತಾಗ ಅವಳು ಹೇಳಿದಳು, ರಜೆ ಹಾಕಿದ್ದೇನೆ, ಸಮುದ್ರ ನೋಡಲು ಹೋಗುತ್ತೇನೆ, ಒಬ್ಬಳೇ ಹೋಗುತ್ತೇನೆ. ಗಾಡಿಯನ್ನು ತಾನೇ ರಿಪೇರಿ ಮಾಡಿಸಿದ್ದಳು. "ಅಪ್ಪಾ, ಹೋಗಿ ಬರ್ಲೇನು?"

"ಗಾಡಿ ತೊಳದು ನಿಲ್ಲಿಸೀದಿ. ಇನ್ನ ನನ್ನೇನು ಕೇಳ್ತೀ?" ಅಂದು ಅಮರೇಶ ಎದ್ದು ಕೈ ತೊಳೆದ. ಮರುದಿನ ಅವಳು ಹೊರಡುವ ಮೊದಲೇ ಮಿಲ್ಲಿಗೆ ಹೋಗಿಬಿಟ್ಟ. ಹ್ಞೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಓಣಿಯವರು ಬುತ್ತಿ ತಂದು ಟ್ರಾಲಿಗೆ ತುರುಕುತ್ತಿದ್ದರು, ಅವಳು ಮಾತ್ರ ರಸ್ತೆಯ ಕಡೆ ನೋಡುತ್ತಿದ್ದಳು. ಅಪ್ಪ ತಿರುಗಿ ಬಂದಾನೇನೋ ಎಂದು. ಅವಳು ಸಮುದ್ರ ಮುಟ್ಟುತ್ತಾಳೆಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ. ತಿರುಗಿ ಬಂದ ಮೇಲೆ ತಂದೆ ಮಗಳು ಒಂದು ಪಂಕ್ತಿಯಲ್ಲಿ ಕೂಡುತ್ತಾರೋ ಇಲ್ಲವೋ, ಅದೇ ನನ್ನ ಫಿಕರು. ಒಂದೇ ಮನೆಯಲ್ಲಿ ಇಬ್ಬರು ಮಾತಾಡದೆ ಉಣ್ಣುವುದನ್ನು ನೋಡುವಷ್ಟು ಆಯುಷ್ಯ ನನಗೆ ಬೇಡವಾಗಿತ್ತು.

ಆ ಸಂಜೆಯೇ ಫೋನ್ ಬಂತು. "ಆಯಿ, ಮಸ್ಕಿಗೆ ಬರೂದ್ರೊಳಗ ಟ್ರಾಲಿ ಆಡಾಕ ಹತ್ತಿತ್ತು. ಚಾದಂಗಡ್ಯಾಗ ನಿಂತೆ. ಅವರು ನನ್ನ ನೋಡಲಿಲ್ಲ, ಗಾಡಿ ನೋಡಿದ್ರು. 'ಮೀಸಿ ಮಾಮಾಂದಲ್ಲೇನು ಇದು' ಅಂತ ನಾಲ್ಕು ಮಂದಿ ಬಂದು ತಾವ ಸಾಮಾನು ಇಳಿಸಿ ಮುಂದಕ್ಕ ಇಟ್ರು. ಅರ್ಧ ಹೋಳಿಗಿ ಹೋದ್ವು." ನಗುತ್ತಿದ್ದಳು. ಅಮರೇಶ ಬಾಗಿಲಲ್ಲಿ ನಿಂತು ಚಪ್ಪಲಿ ಹಾಕಿಕೊಳ್ಳುತ್ತಿದ್ದ, ಬಿಚ್ಚುತ್ತಿದ್ದ. ಫೋನ್ ಇಟ್ಟ ಮೇಲೆ, "ಎಲ್ಲಿ ಅದಾಳಂತ?" ಎಂದು ನನ್ನನ್ನು ಕೇಳಿದ. ಮುಂದೆ ಅಷ್ಟೂ ದಿನ ಅದೊಂದೇ ಪ್ರಶ್ನೆ. ಹುಬ್ಬಳ್ಳಿ ಅಂದರೆ ತಲೆ ಆಡಿಸುತ್ತಿದ್ದ, ಘಟ್ಟ ಇಳಿದಳು ಅಂದರೆ ಅನ್ನದ ತಾಟು ಸರಿಸುತ್ತಿದ್ದ.

ಸಮುದ್ರ ಮುಟ್ಟಿದ ದಿನ ಅವಳು ಫೋನನ್ನು ಅಲೆಯ ಕಡೆ ಹಿಡಿದಳು. ನಾನು ಸ್ಪೀಕರ್ ಹಾಕಿಸಿ ಮನೆಯ ನಡುವೆ ಇಟ್ಟೆ. ನಮ್ಮ ಪಡಸಾಲೆಯ ತುಂಬ ಹೋ ಎಂದು ಬರುತ್ತಿತ್ತು, ಸುಮ್ಮನಾಗುತ್ತಿತ್ತು, ಮತ್ತೆ ಬರುತ್ತಿತ್ತು. ಮೀನು ಮಾರುವ ಹೆಂಗಸರು ಬುಟ್ಟಿ ಕೆಳಗಿಟ್ಟು ಕುರ್ಚಿ ಸಮೇತ ಅವಳನ್ನು ಎತ್ತಿ ನೀರಿನ ಅಂಚಿಗೆ ಇಟ್ಟಿದ್ದರಂತೆ. "ಹೆಂಗೈತಿಬೇ?" ಎಂದು ಕೇಳಿದೆ. "ನಾಟಿಗೆ ಮೊದಲ ನೀರು ನಿಲ್ಲಿಸಿದ ಗದ್ದಿ ಇದ್ದಂಗೈತಿ ಆಯಿ. ಬದು ಒಂದ ಇಲ್ಲ" ಅಂದಳು. ನಾನು ಕಣ್ಣು ಮುಚ್ಚಿ ಆ ಗದ್ದೆಯಲ್ಲಿ ಬಹಳ ದೂರ ನಡೆದೆ. ಕಣ್ಣು ತೆರೆದಾಗ ಅಮರೇಶ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಫೋನಿನ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು.

ನಿನ್ನೆ ಮಧ್ಯಾಹ್ನ ಲಿಂಗಸುಗೂರಿನಿಂದ ಫೋನ್ ಮಾಡಿದಳು. "ಆಯಿ, ಚಾ ಕುಡ್ಯಾಕತ್ತೀನಿ. ಬಿಸಲು ಇಳದ ಮ್ಯಾಲ ಹೊಂಡ್ತೀನಿ." ಸೊಸೆ ಮಿಲ್ಲಿಗೆ ಫೋನ್ ಮಾಡಿ ಗಂಡನಿಗೆ ಹೇಳಿದಳು. ಅವನು ಹ್ಞೂಂ ಅಂದು ಇಟ್ಟ. ನಾವು ಅತ್ತೆ ಸೊಸೆ ಒಲೆ ಹಚ್ಚಿದೆವು.

ಹೊತ್ತು ಇಳಿಯುವ ಸಮಯಕ್ಕೆ ಡಬ ಡಬ ಸದ್ದು ಕೇಳಿತು. ನಾವು ಹೊರಗೆ ಓಡುವುದರೊಳಗೆ ಮೀಸೆ ಮಾಮಾನ ಅಕ್ಕ ಹಿಂದಿನ ಓಣಿಯಿಂದ ಬಂದು ನಿಂತಿದ್ದಳು, ಕೈಯಲ್ಲಿ ಹಿಟ್ಟು ಮೆತ್ತಿಕೊಂಡಿತ್ತು. "ಸದ್ದು ಕೇಳಿ ಬಂದೆ" ಅಂದಳು. ಗಾಡಿಯ ಟ್ಯಾಂಕಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಗಂಗಿ ಬಿಸಿಲಿಗೆ ಕಪ್ಪಾಗಿದ್ದಳು, ತುಟಿ ಒಡೆದಿತ್ತು, ಮುಖದಲ್ಲಿ ನಾನು ಹಿಂದೆ ಕಾಣದ ಒಂದು ನಿಧಾನ ಇತ್ತು. ಓಣಿಯ ಹುಡುಗರು ಕುರ್ಚಿ ಇಳಿಸಿದರು. ಅವಳು ಕೂತಳು, ಮನೆಯ ತನಕ ತಾನೇ ಗಾಲಿ ತಿರುಗಿಸಿಕೊಂಡು ಬಂದಳು. ಅಕ್ಕ ಹೊರಡಲು ತಿರುಗಿದಾಗ ನಾನು ಕೈ ಹಿಡಿದು ಒಳಗೆ ಕರೆದುಕೊಂಡೆ. ಸ್ವಲ್ಪ ಹೊತ್ತಿಗೆ ಅಮರೇಶ ಬಂದ. ಮಿಲ್ಲಿನಿಂದ ಬಂದ ಎಂದುಕೊಂಡೆವು. ಅಂಗಿಯ ತುಂಬ ಧೂಳಿತ್ತು. ಮಗಳ ಕಡೆ ಒಮ್ಮೆ ನೋಡಿ ಬಚ್ಚಲಿಗೆ ಹೋದ.

ದೀಪ ಹಚ್ಚಿದ ಮೇಲೆ ಎಲ್ಲರೂ ಊಟಕ್ಕೆ ಕೂತೆವು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ ಬದನೆ, ಗಟ್ಟಿ ಮೊಸರು, ಗಂಗಿಗೆಂದು ಸಿಹಿ ಸಜ್ಜಕ. ಗಂಗಿ ಕುರ್ಚಿಯಿಂದ ಕೈಯೂರಿ ಇಳಿದು ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು. ಅವಳ ಎದುರಿಗೆ ಜಾಗ ಖಾಲಿ ಇತ್ತು. ಅಮರೇಶ ಬಂದು ಅಲ್ಲಿ ಕೂತ. ರೊಟ್ಟಿ ಮುರಿಯುವ ಸದ್ದು ಮಾತ್ರ ಕೇಳುತ್ತಿತ್ತು. ನಾನು ಇಬ್ಬರ ತಾಟುಗಳನ್ನೂ ನೋಡುತ್ತಾ ಕೂತೆ.

"ಎಡಗಡೆ ಟಾಯರ್ ಸವದೈತಿ" ಅಂದ ಅಮರೇಶ, ತಾಟಿನಿಂದ ಮುಖ ಎತ್ತದೆ.

"ಯಾವುದರದು?" ಅಂದಳು ಸೊಸೆ.

"ಟ್ರಾಲಿದು. ಮಸ್ಕಿಯಿಂದ ಹಿಂದ ನೋಡ್ಕೋಂತ ಬಂದೀನಿ."

ಸೊಸೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಫೋನ್ ಇಟ್ಟ ಕೂಡಲೇ ಅವನು ಮಿಲ್ಲು ಬಿಟ್ಟು ಮಸ್ಕಿಗೆ ಹೋಗಿದ್ದ. ಮಗಳ ಗಾಡಿ ಹಾದು ಹೋಗುವ ತನಕ ರಸ್ತೆಯಲ್ಲಿ ಕಾದು, ಆಮೇಲೆ ಅವಳ ಹಿಂದೆ ಹಿಂದೆಯೇ ಸಿಂಧನೂರಿಗೆ ಬಂದಿದ್ದ. ಇದು ನಮಗೆ ಆಗ ತಿಳಿಯಿತು.

"ನಾ ನಿನ್ನ ಕನ್ನಡಿಯಾಗ ನೋಡೀನಪ್ಪಾ" ಅಂದಳು ಗಂಗಿ.

"ನೋಡಿದ ಮ್ಯಾಲ ಯಾಕ ನಿಂದ್ರಲಿಲ್ಲ?"

"ನೀ ನಿಂದ್ರು ಅನ್ನಲಿಲ್ಲ."

ಅಮರೇಶ ರೊಟ್ಟಿ ಮುರಿದ, ಪಲ್ಯ ಹಚ್ಚಿಕೊಂಡ, ಬಾಯಿಗಿಟ್ಟು ನಿಧಾನಕ್ಕೆ ಅಗಿದ. "ಚಲೋ ನಡಸ್ತೀ. ಮುಂದಿನ ಸಲ ಹೋಗೂ ಮುಂದ ಟಾಯರ್ ಬದಲಾಯಿಸೂಣು. ಒಂದ ಅಲ್ಲ, ಎರಡೂ."

ಗಂಗಿ ತಲೆ ಆಡಿಸಿದಳು. ಅವಳ ಒಡೆದ ತುಟಿಗೆ ಪುಂಡಿ ಪಲ್ಯದ ಹುಳಿ ತಾಗಿ ಉರಿಯುತ್ತಿರಬೇಕು, ಕಣ್ಣಲ್ಲಿ ನೀರು ಬಂದಿತ್ತು. ಸೊಸೆ ಗಂಡನ ತಾಟಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು. ಇಷ್ಟು ದಿನ ಒಂದಕ್ಕೇ ಸಾಕು ಅಂದು ಏಳುತ್ತಿದ್ದವನು ಅದನ್ನೂ ಉಂಡ, ಮತ್ತೊಂದು ಕೇಳಿದ.